ಎತ್ತಿಗೆ ಜ್ವರ, ಎಮ್ಮೆಗೆ ಬರೆ

'ಮಾಡಿದ್ದುಣ್ಣೋ ಮಹರಾಯ' ಎಂಬ ಗಾದೆಯನ್ನು ನಾವು ಹೆಂಗಸರು ದಿನಕ್ಕೆ ಎಷ್ಟು ಸಲ ಹೇಳುತ್ತೇವೋ ಲೆಕ್ಕ ಇಟ್ಟವರಿಲ್ಲ. ಓದದೆ ಫೇಲಾದ ಮಗನಿಗೆ ಹೇಳುತ್ತೇವೆ, ಬೇಡವೆಂದರೂ ಮಳೆಯಲ್ಲಿ ನೆನೆದು ಬಂದು ಕೆಮ್ಮುವ ಗಂಡನಿಗೆ ಹೇಳುತ್ತೇವೆ, ಕುಡಿದು ಕುಡಿದು ಕಣ್ಣು ಹಳದಿ ಮಾಡಿಕೊಂಡ ಪಕ್ಕದ ಮನೆಯವನ ಬಗ್ಗೆಯಂತೂ ತಪ್ಪದೆ ಹೇಳುತ್ತೇವೆ. ಹೇಳಿದಾಗ ಮನಸ್ಸಿಗೆ ಏನೋ ಸಮಾಧಾನ. ಆದರೆ ಇದೇ ಗಾದೆಯನ್ನು ಸರ್ಕಾರಿ ಆಸ್ಪತ್ರೆಯಲ್ಲಿ ಚೀಟಿ ಬರೆದುಕೊಡುವ ಕಿಟಕಿಯ ಮೇಲೆ ಬರೆಸಿ ಹಾಕಿದರೆ ಹೇಗಿದ್ದೀತು? ತಾನಾಗಿ ಬಂದ ಕಾಯಿಲೆಗೆ ಬಿಟ್ಟಿ ಔಷಧಿ, ತಾನೇ ತಂದುಕೊಂಡ ಕಾಯಿಲೆಗೆ ಮಾತ್ರ ಹಣ!

ಈ ಮಾತು ನನ್ನ ಕಲ್ಪನೆಯದಲ್ಲ. ಹಾನುಬಾಳಿನ ಸುತ್ತಮುತ್ತ ಸ್ತ್ರೀಶಕ್ತಿ ಸಂಘಗಳು ಸೇರಿದ ಕಡೆಯಲ್ಲೆಲ್ಲ ಒಂದಲ್ಲ ಒಂದು ದಿನ ಇದು ಎದ್ದೇ ಏಳುತ್ತದೆ. "ನಮ್ಮ ಮಗೂಗೆ ಜ್ವರ ಅಂತ ಹೋದ್ರೆ ಮಾತ್ರೆ ಖಾಲಿ ಅಂತಾರೆ. ಕುಡ್ದು ಬಿದ್ದೋರ್ಗೆ ಮಂಚ, ಗ್ಲೂಕೋಸು ಎಲ್ಲಾ ಸಿಗ್ತದೆ. ಅಂಥೋರ ಹತ್ರ ದುಡ್ಡು ತಗೊಳ್ಳಲಿ" ಎಂದು ಒಬ್ಬಾಕೆ ಹೇಳಿದರೆ ಉಳಿದವರು ಹೌದೆಂದು ತಲೆಯಾಡಿಸುತ್ತಾರೆ. ಆಡುವವರು ಕಲ್ಲೆದೆಯವರಲ್ಲ, ಕುಡಿತದ ಮನೆಯಲ್ಲಿ ಬಾಳುವೆ ಮಾಡಿ ಬೆಂದವರು. ಆದ್ದರಿಂದ ಅವರ ಮಾತನ್ನು ತಳ್ಳಿಹಾಕುವ ಹಾಗಿಲ್ಲ. ಆದರೆ ನಮ್ಮ ಈ ಗುಡ್ಡಗಳ ಚರಿತ್ರೆಯನ್ನು ಸ್ವಲ್ಪ ಕೆದಕಿ ನೋಡಿದರೆ, ಕಾಯಿಲೆಗೆ ಯಾರನ್ನು ಹೊಣೆ ಮಾಡಿದರು, ಹಣ ಯಾರು ತೆತ್ತರು ಎಂಬುದರ ಕಥೆ ಬೇರೆಯೇ ಆಗಿ ಕಾಣುತ್ತದೆ.

ಇಂದಿನ ಸಕಲೇಶಪುರ ತಾಲ್ಲೂಕಿಗೆ ಹಿಂದೆ ಮಂಜರಾಬಾದು ಎಂದು ಹೆಸರು. ರಾಬರ್ಟ್ ಎಲಿಯಟ್‌ನಂಥ ಬಿಳಿಯ ಪ್ಲಾಂಟರುಗಳು 1850ರ ದಶಕದಲ್ಲಿ ಇಲ್ಲಿಗೆ ಬಂದು ಕಾಡು ಕಡಿದು ಕಾಫಿ ಹಾಕತೊಡಗಿದರು. ನಮ್ಮ ಗೌಡರುಗಳೂ ಹಾಕಿದರು. ತೋಟ ಬೆಳೆದಂತೆ ಘಟ್ಟದ ಕೆಳಗಿನಿಂದಲೂ ಬಯಲುಸೀಮೆಯಿಂದಲೂ ಆಳುಗಳು ಬಂದರು. ಅವರ ಜೊತೆಗೆ, ಅಥವಾ ಅವರಿಗಾಗಿಯೇ ಕಾದಿತ್ತೋ ಎಂಬಂತೆ, ಮಲೆನಾಡಿನ ಚಳಿಜ್ವರವೂ ಇತ್ತು. ಬಯಲುಸೀಮೆಯವರು ಮಲೆನಾಡಿಗೆ ಹೆಣ್ಣು ಕೊಡಲು ಹಿಂಜರಿಯುತ್ತಿದ್ದರೆಂದು ನಮ್ಮ ಅಜ್ಜಿ ಹೇಳುತ್ತಿದ್ದರು. ಹೊಟ್ಟೆಯಲ್ಲಿ ಗಡ್ಡೆ ಬೆಳೆದು ಕೈಕಾಲು ಕಡ್ಡಿಯಾದ ಮಕ್ಕಳು ಆಗ ಮನೆಮನೆಯಲ್ಲೂ ಇದ್ದರಂತೆ.

ಆ ಜ್ವರಕ್ಕೆ ಜನ ಕೊಡುತ್ತಿದ್ದ ಕಾರಣಗಳನ್ನು ಕೇಳಬೇಕು. ನೀರು ಹಿಡಿಸಲಿಲ್ಲ, ಹಲಸಿನ ಹಣ್ಣು ಜಾಸ್ತಿ ತಿಂದ, ಸಂಜೆ ಹೊತ್ತು ಹಳ್ಳ ದಾಟಿದ, ಹೇಳಿದ ಮಾತು ಕೇಳದೆ ಮಳೆಯಲ್ಲಿ ತಿರುಗಿದ. ಎಲ್ಲ ಕಾರಣಗಳೂ ಸುತ್ತಿ ಬಳಸಿ ಕಾಯಿಲೆಯವನ ಅಭ್ಯಾಸಕ್ಕೇ ಬಂದು ನಿಲ್ಲುತ್ತಿದ್ದವು. ಜ್ವರ ಹರಡುವುದು ಸೊಳ್ಳೆ ಎಂದು ರೊನಾಲ್ಡ್ ರಾಸ್ 1897ರಲ್ಲಿ ಸಿಕಂದರಾಬಾದಿನಲ್ಲಿ ಕಂಡುಹಿಡಿದರೂ, ಆ ಸುದ್ದಿ ನಮ್ಮ ಮಲೆನಾಡಿಗೆ ತಲುಪಲು ಮತ್ತಷ್ಟು ಕಾಲ ಹಿಡಿಯಿತು. 1920ರ ದಶಕದ ಕೊನೆಗೆ ಮೈಸೂರು ಸರ್ಕಾರ ರಾಕ್‌ಫೆಲ್ಲರ್ ಫೌಂಡೇಶನ್ನಿನ ನೆರವಿನಿಂದ ಮಲೇರಿಯಾ ಅಧ್ಯಯನ ನಡೆಸಿದ ಕಡೆಗಳಲ್ಲಿ ನಮ್ಮ ಪಕ್ಕದ ಮೂಡಿಗೆರೆಯೂ ಒಂದು. ಸ್ವಾತಂತ್ರ್ಯ ಬಂದ ಮೇಲೆ, 1953ರಲ್ಲಿ ದೇಶಾದ್ಯಂತ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾಯಿತು. ಮನೆಮನೆಯ ಗೋಡೆಗೆ ಡಿಡಿಟಿ ಹೊಡೆದರು. ಹೊಡೆದವರು ಯಾರ ಹತ್ತಿರವೂ ಒಂದಾಣೆ ಕೇಳಲಿಲ್ಲ. ನೀನು ಸೊಳ್ಳೆಪರದೆ ಕಟ್ಟದೆ ಮಲಗಿದ್ದು ಏಕೆಂದು ಯಾರನ್ನೂ ವಿಚಾರಿಸಲಿಲ್ಲ. ಕಾಯಿಲೆಯವನ ತಪ್ಪು ಹುಡುಕುತ್ತಿದ್ದಷ್ಟು ಕಾಲ ಜ್ವರ ಬಿಡಲಿಲ್ಲ, ಸೊಳ್ಳೆಯನ್ನು ಹುಡುಕಿಕೊಂಡು ಹೋದ ಮೇಲೆ ತಗ್ಗಿತು.

ಅದೇ ಸುಮಾರಿಗೆ ದೇಶದ ಆರೋಗ್ಯ ವ್ಯವಸ್ಥೆ ಹೇಗಿರಬೇಕೆಂದು ಯೋಚಿಸಿದವರು ಸರ್ ಜೋಸೆಫ್ ಭೋರ್ ಅವರ ಸಮಿತಿಯವರು. 1946ರಲ್ಲಿ ಅವರು ಕೊಟ್ಟ ವರದಿಯ ತಿರುಳು ಇಷ್ಟೆ: ಕೊಡಲು ಹಣವಿಲ್ಲವೆಂಬ ಕಾರಣಕ್ಕೆ ಯಾರಿಗೂ ಚಿಕಿತ್ಸೆ ತಪ್ಪಬಾರದು. 1951ರ ತೋಟ ಕಾರ್ಮಿಕರ ಕಾಯಿದೆಯೂ ಆಳುಗಳಿಗೆ ಔಷಧೋಪಚಾರದ ಏರ್ಪಾಟು ಮಾಡುವುದು ತೋಟದ ಮಾಲೀಕರ ಜವಾಬ್ದಾರಿ ಎಂದು ಹೇಳಿತು. ಕಾಯಿಲೆ ಹೇಗೆ ಬಂತೆಂದು ವಿಚಾರಿಸಿ ಆಮೇಲೆ ಔಷಧಿ ಕೊಡಿ ಎಂದು ಅದು ಹೇಳಲಿಲ್ಲ. ಸಕಲೇಶಪುರದ ಸರ್ಕಾರಿ ಆಸ್ಪತ್ರೆಯನ್ನು ನಮ್ಮ ಜನ ಇವತ್ತಿಗೂ ಕ್ರಾಫರ್ಡ್ ಆಸ್ಪತ್ರೆ ಎಂದೇ ಕರೆಯುತ್ತಾರೆ. ತೋಟಕ್ಕೂ ಆಸ್ಪತ್ರೆಗೂ ಇದ್ದ ನಂಟು ಆ ಹೆಸರಿನಲ್ಲೇ ಉಳಿದುಕೊಂಡಿದೆ.

ಚಳಿಜ್ವರದ ಮಾತು ಹಾಗಿರಲಿ, ಸೊಳ್ಳೆಯನ್ನು ಯಾರೂ ದುಡ್ಡು ಕೊಟ್ಟು ಮನೆಗೆ ತರುವುದಿಲ್ಲ, ಸಾರಾಯಿಯನ್ನು ತರುತ್ತಾರಲ್ಲ ಎಂದು ನೀವು ಕೇಳಬಹುದು. ಸರಿಯಾದ ಪ್ರಶ್ನೆಯೇ. ಹಾಗಾದರೆ ಆ ಸಾರಾಯಿ ನಮ್ಮ ಊರಿಗೆ ಹೇಗೆ ಬಂತೆಂಬುದನ್ನೂ ನೋಡಬೇಕು. ಸಾರಾಯಿ ಅಂಗಡಿಯೆಂಬುದು ಊರವರು ಸೇರಿ ತೆರೆದದ್ದಲ್ಲ. ಮಾರುವ ಹಕ್ಕನ್ನು ಸರ್ಕಾರ ಹರಾಜು ಹಾಕುತ್ತಿತ್ತು, ಕಂಟ್ರಾಕ್ಟುದಾರ ಕೂಗಿ ಹಿಡಿಯುತ್ತಿದ್ದ, ಕೂಗಿದ ಹಣ ಹುಟ್ಟಬೇಕಾದರೆ ಎಷ್ಟು ಕುಡಿಸಬೇಕೋ ಅಷ್ಟು ಕುಡಿಸುತ್ತಿದ್ದ. ಬಟವಾಡೆಯ ದಿನವೂ ಸಂತೆಯ ದಿನವೂ ಒಂದೇ ಆದಲ್ಲಿ ಅವನಿಗೆ ಸುಗ್ಗಿ. ಜೂನಿನಿಂದ ಸೆಪ್ಟೆಂಬರಿನವರೆಗೆ ಬಿಡದೆ ಹೊಡೆಯುವ ಮಳೆಯಲ್ಲಿ ಕಂಬಳಿಕೊಪ್ಪೆ ಹಾಕಿ ದುಡಿದು ಬಂದವನಿಗೆ 'ಒಂದು ಗುಟುಕು ಹಾಕು, ಮೈ ಬೆಚ್ಚಗಾಗ್ತದೆ' ಎಂದು ಬುದ್ಧಿ ಹೇಳುವವರು ಎಲ್ಲ ಕಾಲದಲ್ಲೂ ಇದ್ದರು.

ನಡುವೆ ಒಂದಷ್ಟು ವರ್ಷ ಪಾನನಿಷೇಧವೂ ಇತ್ತು. ಮೈಸೂರು ರಾಜ್ಯ 1961ರಲ್ಲಿ ಅದಕ್ಕೆಂದೇ ಒಂದು ಕಾಯಿದೆ ಮಾಡಿತು. ನಾಲ್ಕೇ ವರ್ಷಕ್ಕೆ, 1965ರಲ್ಲಿ, ಅಬಕಾರಿ ಕಾಯಿದೆಯನ್ನೂ ಮಾಡಿತು. 1967ರಲ್ಲಿ ನಿಷೇಧವನ್ನು ಕೈಬಿಟ್ಟಿತು. ಮುಂದೆ ಸಾರಾಯಿ ಪ್ಲಾಸ್ಟಿಕ್ ಪ್ಯಾಕೆಟ್ಟಿಗೆ ಬಂತು. ಹಲ್ಲಿನಲ್ಲಿ ಕಚ್ಚಿ ಹರಿದು ಬಾಯಿಗೆ ಸುರಿದುಕೊಂಡು ಎಸೆದ ಪ್ಯಾಕೆಟ್ಟುಗಳು ಕಾಫಿ ಗಿಡದ ಬುಡದಲ್ಲಿ, ಶಾಲೆಯ ಹಿತ್ತಲಿನಲ್ಲಿ, ಕೆರೆಯ ಕೋಡಿಯಲ್ಲಿ ಬಿದ್ದಿರುತ್ತಿದ್ದುದನ್ನು ನಮ್ಮ ವಯಸ್ಸಿನವರೆಲ್ಲ ಕಂಡಿದ್ದೇವೆ. ಆಂಧ್ರದ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಂಗಸರು 1992ರಲ್ಲಿ ಸಾರಾಯಿಯ ವಿರುದ್ಧ ಎದ್ದು ನಿಂತ ಸುದ್ದಿಯನ್ನು ನಾವೂ ಓದಿದೆವು. ಮರುವರ್ಷವೇ ಅಲ್ಲಿ ಸಾರಾಯಿ ನಿಂತಿತು. ಕರ್ನಾಟಕದಲ್ಲಿ ನಿಂತದ್ದು 2007ರ ಜುಲೈ 1ರಂದು.

ಆ ದಿನ ಎಷ್ಟೋ ಮನೆಗಳಲ್ಲಿ ತುಪ್ಪದ ದೀಪ ಹಚ್ಚಿದ ಸಂಭ್ರಮ. ಆದರೆ ನಿಂತದ್ದು ಸಾರಾಯಿ, ಕುಡಿತವಲ್ಲ. ಪ್ಯಾಕೆಟ್ಟು ಹೋದ ಜಾಗಕ್ಕೆ ಅಗ್ಗದ ಬ್ರಾಂದಿ, ವಿಸ್ಕಿಗಳ ಕ್ವಾರ್ಟರು ಬಂತು. ಆ ಬಾಟಲಿಗಳ ಸಗಟು ವ್ಯಾಪಾರ 2003ರಿಂದಲೂ ಸರ್ಕಾರದ್ದೇ ಆದ ಪಾನೀಯ ನಿಗಮದ ಕೈಯಲ್ಲಿದೆ. ಚಿಲ್ಲರೆ ಅಂಗಡಿಗಳಲ್ಲೂ ಒಂದಷ್ಟನ್ನು ಸರ್ಕಾರದ ಎಂಎಸ್‌ಐಎಲ್ ಸಂಸ್ಥೆಯೇ ನಡೆಸುತ್ತದೆ. ಮೊದಲು ಸರ್ಕಾರ ಹರಾಜು ಕೂಗಿಸುತ್ತಿತ್ತು, ಈಗ ತಾನೇ ಗಲ್ಲಾಪೆಟ್ಟಿಗೆಯ ಮುಂದೆ ಕೂತಿದೆ.

ಆ ಪೆಟ್ಟಿಗೆಯ ಲೆಕ್ಕವನ್ನೂ ನೋಡಿಬಿಡೋಣ. 2025-26ರ ರಾಜ್ಯದ ಆಯವ್ಯಯದಲ್ಲಿ ಅಬಕಾರಿಯಿಂದ ಬರಬೇಕೆಂದು ಇಟ್ಟುಕೊಂಡ ಗುರಿ 40,000 ಕೋಟಿ ರೂಪಾಯಿ. ಅದೇ ಆಯವ್ಯಯದಲ್ಲಿ ಆರೋಗ್ಯ ಮತ್ತು ಕುಟುಂಬ ಕಲ್ಯಾಣಕ್ಕೆ ತೆಗೆದಿಟ್ಟದ್ದು 17,473 ಕೋಟಿ. ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದಂತೆ ಬರೆದರೆ, ಆರೋಗ್ಯಕ್ಕೆ ಸರ್ಕಾರ ಒಂದು ರೂಪಾಯಿ ಖರ್ಚು ಮಾಡುವಲ್ಲಿ ಕುಡಿಯುವವರಿಂದ ಎರಡು ರೂಪಾಯಿಗೂ ಮೇಲೆ ವಸೂಲು ಮಾಡಲು ಹೊರಟಿದೆ. ಅಂದಮೇಲೆ ಕುಡುಕ ಆಸ್ಪತ್ರೆಗೆ ಬಿಟ್ಟಿ ಬಂದನೆಂದು ಹೇಗೆ ಹೇಳುವುದು? ಅವನು ಪ್ರತಿ ಕ್ವಾರ್ಟರಿನ ಜೊತೆಗೂ ಕಟ್ಟಿ ಬಂದಿದ್ದಾನೆ. ಕಟ್ಟಿದ್ದು ಅವನ ಕೂಲಿಯಿಂದ, ಅಂದರೆ ಮನೆಯ ಅಕ್ಕಿ, ಬೇಳೆ, ಮಕ್ಕಳ ಪುಸ್ತಕಗಳಿಂದ. ಮುಂಗಡವಾಗಿ ಹಣ ತೆತ್ತವಳು ಅವನ ಹೆಂಡತಿಯೇ ಎಂದಾಯಿತು.

ಹೊಗೆಸೊಪ್ಪಿನ ಕಥೆಯೂ ಹೀಗೆಯೇ. ಮಳೆಗಾಲದಲ್ಲಿ ತೋಟಕ್ಕೆ ಇಳಿಯುವ ಹೆಂಗಸರು ಇಂಬಳ ಹತ್ತದಿರಲೆಂದು ಕಾಲಿಗೆ ಹೊಗೆಸೊಪ್ಪು, ಸುಣ್ಣ ಸವರಿಕೊಳ್ಳುತ್ತಾರೆ. ಅದೇ ಹೊಗೆಸೊಪ್ಪು ಎಲೆಯಡಿಕೆಯ ಜೊತೆ ಬಾಯಿಗೂ ಹೋಗುತ್ತದೆ. ಹಸಿವು ತಡೆಯುತ್ತದೆ ಎನ್ನುವವರೂ ಇದ್ದಾರೆ, ಬೇಸರ ಕಳೆಯುತ್ತದೆ ಎನ್ನುವವರೂ ಇದ್ದಾರೆ. ಮನೆಗೆ ಬಂದವರ ಮುಂದೆ ಎಲೆಯಡಿಕೆಯ ತಟ್ಟೆ ಇಡದಿದ್ದರೆ ನಮ್ಮ ಕಡೆ ಮರ್ಯಾದೆ ತಪ್ಪಿದಂತೆ. ಮದುವೆಯ ವೀಳ್ಯ, ಬಾಗಿನ, ಹರಕೆ, ಒಪ್ಪಂದ ಎಲ್ಲಕ್ಕೂ ಅದೇ ಬೇಕು. ಹೀಗಿರುವಾಗ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲಿ, ಹೊಗೆಸೊಪ್ಪು ಸೇರಿಸದ ಬರೀ ಎಲೆಯಡಿಕೆಯಿಂದಲೂ ಬಾಯಿಯ ಕ್ಯಾನ್ಸರ್ ಬರುತ್ತದೆಂದು ಪ್ರಕಟಿಸಿತು. ಇದನ್ನು ದುರಭ್ಯಾಸವೆನ್ನೋಣವೇ, ಸಂಪ್ರದಾಯವೆನ್ನೋಣವೇ? ಎಂಬತ್ತು ವರ್ಷದ ಅಜ್ಜಿ ದವಡೆಯಲ್ಲಿ ಗಂಟೆದ್ದು ಆಸ್ಪತ್ರೆಗೆ ಹೋದರೆ 'ಅಭ್ಯಾಸದ ಕಾಯಿಲೆ' ಎಂದು ಅವರ ಚೀಟಿಯ ಮೇಲೆ ಬೇರೆ ದರ ಬರೆಯಲು ಯಾರಿಗೆ ಕೈ ಬರುತ್ತದೆ?

ಇಲ್ಲೂ ಸರ್ಕಾರದ ಕೈ ಇಲ್ಲದಿಲ್ಲ. ನಮ್ಮದೇ ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇದೆ. ನಡೆಸುವುದು ಕೇಂದ್ರ ಸರ್ಕಾರದ ತಂಬಾಕು ಮಂಡಳಿ. ಒಂದೇ ಜಿಲ್ಲೆಯಲ್ಲಿ ಒಂದು ಇಲಾಖೆ ಹೊಗೆಸೊಪ್ಪಿಗೆ ಒಳ್ಳೆಯ ಬೆಲೆ ಕೊಡಿಸಲು ಶ್ರಮಿಸುತ್ತದೆ, ಇನ್ನೊಂದು ಇಲಾಖೆ ಹೊಗೆಸೊಪ್ಪು ಸೇದಬೇಡಿ ಎಂದು ಗೋಡೆಯ ಮೇಲೆ ಬರೆಸುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾಯಿತು. ಅಂಗಡಿಯವರು ಪಾನ್‌ಮಸಾಲೆಯನ್ನೇ ಒಂದು ಪೊಟ್ಟಣ, ಹೊಗೆಸೊಪ್ಪನ್ನೇ ಒಂದು ಪೊಟ್ಟಣ ಮಾಡಿ ಜೊತೆಜೊತೆಗೆ ನೇತುಹಾಕಿದರು. ಕೊಂಡವನು ಎರಡನ್ನೂ ಅಂಗೈಯಲ್ಲಿ ಬೆರೆಸಿಕೊಂಡ, ಅಷ್ಟೆ.

ಅಭ್ಯಾಸದ ಕಾಯಿಲೆ ಯಾವುದು, ಅಲ್ಲದ್ದು ಯಾವುದು ಎಂದು ಬೇರ್ಪಡಿಸುವುದು ಇನ್ನೂ ಕಷ್ಟ. ಬೀಡಿ ಮುಟ್ಟದ ಎಷ್ಟೋ ಹೆಂಗಸರಿಗೆ ಬೀಡಿ ಸೇದುವವರಂತೆಯೇ ಗೂರಲು, ಏದುಸಿರು. ಮೂವತ್ತು ನಲವತ್ತು ವರ್ಷ ಹಸಿ ಸೌದೆಯ ಒಲೆ ಊದಿದವರು ಅವರು. ಒಲೆ ಊದುವುದು ಯಾರ ಅಭ್ಯಾಸ, ಅದರಿಂದ ಉಂಡವರು ಯಾರು? ಗಂಡನಿಗೂ ಮಕ್ಕಳಿಗೂ ಬಡಿಸಿ ಉಳಿದದ್ದನ್ನು ಹೊತ್ತು ಮೀರಿ ಉಂಡು ರಕ್ತಹೀನತೆ ತಂದುಕೊಂಡವಳದ್ದೂ ಒಂದು ಅಭ್ಯಾಸವೇ ಅಲ್ಲವೇ? ಒಂದು ಸಲ ಈ ತಕ್ಕಡಿ ಎತ್ತಿ ಹಿಡಿದರೆ ಅದರಲ್ಲಿ ಕುಡುಕರನ್ನು ಮಾತ್ರ ತೂಗಿ ಕೆಳಗಿಡುತ್ತಾರೆಂದು ನಂಬಬೇಡಿ. ನಮ್ಮನ್ನೂ ಕೂರಿಸುತ್ತಾರೆ.

ಆಸ್ಪತ್ರೆಯಲ್ಲಿ ಹಣ ಕೇಳುವುದು ಹೊಸದೇನಲ್ಲ. 1996ರಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಕರ್ನಾಟಕದಲ್ಲಿ ಆರೋಗ್ಯ ವ್ಯವಸ್ಥೆಗಳ ಅಭಿವೃದ್ಧಿ ಯೋಜನೆ ಶುರುವಾದ ಕಾಲದಲ್ಲಿ ಸರ್ಕಾರಿ ಆಸ್ಪತ್ರೆಗಳ ಬಳಕೆದಾರರ ಶುಲ್ಕಕ್ಕೆ ಬಲ ಬಂತು. ಬಡತನದ ರೇಖೆಗಿಂತ ಕೆಳಗಿನವರಿಗೆ ವಿನಾಯಿತಿ ಎಂದರು. ಹಣ ಅದೇ ಆಸ್ಪತ್ರೆಯ ಸುಣ್ಣಬಣ್ಣಕ್ಕೆ, ಔಷಧಿಗೆ ಬಳಕೆಯಾಗಲಿ ಎಂಬುದು ಉದ್ದೇಶ. 2024ರ ನವೆಂಬರಿನಲ್ಲಿ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಹೊರರೋಗಿಗಳ ಚೀಟಿಗೆ 10 ರೂಪಾಯಿ ಇದ್ದದ್ದು 20 ಆದಾಗ ಎಷ್ಟು ಗದ್ದಲವಾಯಿತು! ಹತ್ತು ರೂಪಾಯಿಗೆ ಗದ್ದಲವೇ ಎಂದು ಕೆಲವರು ನಕ್ಕರು. ದೂರದ ಊರಿನಿಂದ ಬಸ್ ಚಾರ್ಜು ಕೊಟ್ಟು, ಆ ದಿನದ ಕೂಲಿ ಬಿಟ್ಟು ಬಂದವರು ನಗಲಿಲ್ಲ.

ಅಭ್ಯಾಸವನ್ನು ವಿಚಾರಿಸಿ ಹಣ ನಿರಾಕರಿಸುವ ಪದ್ಧತಿಯೂ ನಮ್ಮಲ್ಲಿ ಈಗಾಗಲೇ ಇದೆ, ಸರ್ಕಾರಿ ಆಸ್ಪತ್ರೆಯಲ್ಲಲ್ಲ, ವಿಮೆಯಲ್ಲಿ. ಮದ್ಯವ್ಯಸನಕ್ಕೂ ಅದರಿಂದ ಆದ ಪರಿಣಾಮಗಳಿಗೂ ಆರೋಗ್ಯ ವಿಮೆಯ ಹಣ ಸಿಗುವುದಿಲ್ಲವೆಂದು ವಿಮಾ ಕಂಪನಿಗಳು ಷರತ್ತು ಹಾಕಬಹುದು. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಅದಕ್ಕೊಂದು ಒಕ್ಕಣೆಯನ್ನೇ ಗೊತ್ತುಮಾಡಿತು. ಇದರ ಪರಿಣಾಮ ಯಾರ ಮೇಲಾಯಿತೆಂಬುದಕ್ಕೆ 2025ರ ಮಾರ್ಚ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿದ ಒಂದು ಮೊಕದ್ದಮೆ ಸಾಕು. ಹರಿಯಾಣದ ಒಬ್ಬಾತ ಕುಡಿತದ ಅಭ್ಯಾಸವನ್ನು ಮುಚ್ಚಿಟ್ಟು ಎಲ್‌ಐಸಿಯ ಆರೋಗ್ಯ ವಿಮೆ ಮಾಡಿಸಿದ್ದ. ಆಸ್ಪತ್ರೆ ಸೇರಿ ಸತ್ತುಹೋದ. ಸುಳ್ಳು ಬರೆದಿದ್ದರಿಂದ ಹಣ ಕೊಡಬೇಕಿಲ್ಲವೆಂದು ನ್ಯಾಯಾಲಯ ಹೇಳಿತು. ಕಾನೂನಿನ ಪ್ರಕಾರ ಅದು ಸರಿಯೇ ಇರಬಹುದು. ಆದರೆ ಮೊಕದ್ದಮೆ ನಡೆಸಿ ಸೋತವಳು ಯಾರು? ಅವನ ಹೆಂಡತಿ. ಕುಡಿದವನು ಅವನು, ಅರ್ಜಿಯಲ್ಲಿ ಸುಳ್ಳು ಹೇಳಿದವನು ಅವನು, ಮೊಕದ್ದಮೆ ಸೋತವಳು ಅವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಗಾದೆ ಇಂಥದ್ದನ್ನೇ ಕಂಡು ಹುಟ್ಟಿರಬೇಕು.

ನಮ್ಮ ಲೈನ್‌ಮನೆಯಲ್ಲಿದ್ದ ಒಬ್ಬ ಹೆಂಗಸಿನ ಗಂಡನಿಗೆ ಹೊಟ್ಟೆಯಲ್ಲಿ ನೀರು ತುಂಬಿತ್ತು. ಆಸ್ಪತ್ರೆಯೊಂದರಲ್ಲಿ ಅವಳನ್ನೇ ಎದುರಿಗೆ ನಿಲ್ಲಿಸಿಕೊಂಡು, "ಕುಡಿಯುವಾಗ ಬಿಟ್ಟು ಈಗ ಕರಕೊಂಡು ಬಂದಿದೀಯಲ್ಲ" ಎಂದು ಬೈದರಂತೆ. ಹೊರಗಿನಿಂದ ತರಬೇಕಾದ ಔಷಧಿಗೆ ಅವಳು ಕಿವಿಯ ಓಲೆ ಅಡವಿಟ್ಟಳು. ಆಗ ನನಗೆ ಅವಳು ಹೇಳಿದ ಮಾತು ಇಷ್ಟು: "ಕುಡ್ಯೋಕೆ ಅಂಗ್ಡೀಲಿ ಸಾಲ ಬರ್ಕೊಂತಾರೆ ಅಮ್ಮೋರೆ. ಔಷ್ದಿಗೆ ಯಾರು ಬರ್ಕೊಂತಾರೆ?" ಅವಳ ಗಂಡ ಮಲಗಿದ್ದ, ಏನೂ ತೆರಲಿಲ್ಲ. ತೆರಲು ಅವನ ಹತ್ತಿರ ಏನೂ ಇರಲೂ ಇಲ್ಲ. ಅಭ್ಯಾಸದ ಕಾಯಿಲೆಗೆ ದಂಡ ಹಾಕಿದರೆ ಆ ದಂಡ ಹೋಗುವುದು ಇಂಥ ಓಲೆಗಳಿಗೇ.

ಇನ್ನೊಂದು ಅಪಾಯವೂ ಇದೆ. ಅಭ್ಯಾಸಕ್ಕೆ ದರ ಕಟ್ಟಿದ ದಿನವೇ ರೋಗಿ ಡಾಕ್ಟರ ಮುಂದೆ ಬಾಯಿ ಮುಚ್ಚುತ್ತಾನೆ. ಎಷ್ಟು ಕುಡಿಯುತ್ತೀ, ಎಷ್ಟು ವರ್ಷದಿಂದ ಎಂದು ಕೇಳಿದರೆ 'ಮುಟ್ಟೋದೇ ಇಲ್ಲ ಸಾರ್' ಎನ್ನುತ್ತಾನೆ, ಹೆಂಡತಿಯೂ ಹೌದೆಂದು ಸುಳ್ಳು ಹೇಳಬೇಕಾಗುತ್ತದೆ. ಬಾಯಿಯ ಹುಣ್ಣನ್ನು ತೋರಿಸುವವರು ಇನ್ನಾರು ತಿಂಗಳು ಮುಂದೂಡುತ್ತಾರೆ. ಕಿದ್ವಾಯಿ ಆಸ್ಪತ್ರೆ ಬೆಂಗಳೂರಿನಲ್ಲಿ 1973ರಲ್ಲಿ ಆರಂಭವಾಗಿ ಅರ್ಧ ಶತಮಾನವಾಯಿತು. ಬೇಗ ಬಂದರೆ ವಾಸಿಯಾಗುವ ಕ್ಯಾನ್ಸರು, ತಡ ಮಾಡಿದರೆ ಖರ್ಚಿಗೂ ದಾರಿ, ಸಾವಿಗೂ ದಾರಿ ಎಂಬುದು ಇಂದು ಎಲ್ಲರೂ ಬಲ್ಲ ಮಾತು. ದಂಡದಿಂದ ಹಣ ಉಳಿಯುವುದಿಲ್ಲ, ಖರ್ಚು ಹೆಚ್ಚುತ್ತದೆ.

ಹಾಗೆಂದು ಮೊದಲು ಹೇಳಿದ ಸಂಘದ ಹೆಂಗಸರ ಸಿಟ್ಟು ಸುಳ್ಳಲ್ಲ. ಮಗುವಿಗೆ ಮಾತ್ರೆ ಸಿಗದೆ ಹಿಂದಿರುಗಿದವಳಿಗೆ ನ್ಯಾಯ ಬೇಕು. ಆದರೆ ಮಾತ್ರೆ ಸಾಲದೆ ಹೋದದ್ದು ಪಕ್ಕದ ಮಂಚದ ಕುಡುಕನಿಂದಲ್ಲ. ಮೇಲಿನ ಲೆಕ್ಕದಲ್ಲಿ 40,000 ಮತ್ತು 17,473ರ ನಡುವೆ ಇರುವ ಅಂತರದಲ್ಲಿ ಅದಕ್ಕೆ ಉತ್ತರ ಹುಡುಕಬೇಕು. ಥಾಯ್ಲೆಂಡ್ ದೇಶ 2001ರಲ್ಲಿ ಒಂದು ದಾರಿ ಹಿಡಿಯಿತು. ಮದ್ಯ ಮತ್ತು ತಂಬಾಕಿನ ತೆರಿಗೆಯ ಮೇಲೆ ಶೇಕಡ 2ರಷ್ಟು ಹೆಚ್ಚುವರಿ ಹಾಕಿ, ಆ ಹಣವನ್ನು ಜನರ ಆರೋಗ್ಯ ಕಾಪಾಡುವ ಕೆಲಸಕ್ಕೇ ಮೀಸಲಿಟ್ಟಿತು. ಮಾರುವ ಕಡೆಯಲ್ಲಿ ವಸೂಲು ಮಾಡಿದ್ದು ಕಾಯಿಲೆ ತಡೆಯುವ ಕಡೆಗೆ ಹೋಗಲಿ ಎಂಬ ವಿಚಾರ. ನಮ್ಮಲ್ಲಿ ವಸೂಲಿಯೇನೋ ಚೆನ್ನಾಗಿಯೇ ಆಗುತ್ತಿದೆ, ಮೀಸಲಿಡುವುದೊಂದು ಬಾಕಿ.

ನಮ್ಮ ಸಂವಿಧಾನದ 47ನೆಯ ವಿಧಿ ಇದನ್ನು ಎಂದೋ ಹೇಳಿದೆ. ಜನರ ಪೌಷ್ಟಿಕತೆ ಮತ್ತು ಆರೋಗ್ಯವನ್ನು ಉತ್ತಮಪಡಿಸುವುದು, ಮತ್ತು ತರಿಸುವ ಪೇಯಗಳನ್ನು ತಡೆಯಲು ಯತ್ನಿಸುವುದು, ಇವೆರಡನ್ನೂ ಅದು ಒಂದೇ ವಿಧಿಯಲ್ಲಿ ಸರ್ಕಾರದ ಕರ್ತವ್ಯವೆಂದು ಹೊರಿಸಿದೆ. ರೋಗಿಯ ಕರ್ತವ್ಯವೆಂದಲ್ಲ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಪಶ್ಚಿಮ ಬಂಗಾಳದ ಒಬ್ಬ ಕೂಲಿಗಾರನ ಪ್ರಕರಣದಲ್ಲಿ, ತುರ್ತು ಚಿಕಿತ್ಸೆ ನಿರಾಕರಿಸುವುದು ಬದುಕುವ ಹಕ್ಕನ್ನೇ ನಿರಾಕರಿಸಿದಂತೆ ಎಂದು ತೀರ್ಪು ಕೊಟ್ಟಿತು. ಆತ ರೈಲಿನಿಂದ ಬಿದ್ದಿದ್ದ. ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರೂ ಯಾವ ಸರ್ಕಾರಿ ಆಸ್ಪತ್ರೆಯೂ ಸೇರಿಸಿಕೊಂಡಿರಲಿಲ್ಲ.

ಅಭ್ಯಾಸ ಬಿಡಿಸುವ ದಾರಿಗಳೂ ಇಲ್ಲದೆ ಇಲ್ಲ. ಧರ್ಮಸ್ಥಳದ ಜನಜಾಗೃತಿ ವೇದಿಕೆ 1990ರ ದಶಕದಿಂದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸಿಕೊಂಡು ಬಂದಿದೆ. ಅಲ್ಲಿ ಕುಡುಕನನ್ನು ಅಪರಾಧಿಯಂತೆ ನಿಲ್ಲಿಸುವುದಿಲ್ಲ, ದಿನಗಟ್ಟಲೆ ಜೊತೆಗಿದ್ದು ಊಟ ಹಾಕಿ ಮಾತಾಡಿಸುತ್ತಾರೆ, ಮನೆಯವರನ್ನೂ ಕರೆಸುತ್ತಾರೆ. ಎಲ್ಲರೂ ಬಿಡುತ್ತಾರೆಂದು ಹೇಳಲಾರೆ. ಬಿಟ್ಟವರನ್ನು ಕಂಡಿದ್ದೇನೆ. ದಂಡ ಕಟ್ಟಿ ಬಿಟ್ಟವರನ್ನು ಮಾತ್ರ ಇನ್ನೂ ಕಂಡಿಲ್ಲ.

2019ರ ಜನವರಿಯಲ್ಲಿ ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯ ನಿಷೇಧಕ್ಕಾಗಿ ನಡೆದೇ ಹೋದರು. ಸುಮಾರು 200 ಕಿಲೋಮೀಟರು. ಕಾಲಿನಲ್ಲಿ ಬೊಬ್ಬೆ ಎದ್ದರೂ ನಿಲ್ಲಲಿಲ್ಲ. ಅವರು ಕುಡುಕ ಗಂಡಂದಿರಿಗೆ ಆಸ್ಪತ್ರೆಯಲ್ಲಿ ದಂಡ ಹಾಕಿ ಎಂದು ಕೇಳಲು ಹೋಗಲಿಲ್ಲ. ಬಾಟಲಿ ಎಲ್ಲಿಂದ ಹೊರಡುತ್ತದೋ ಅಲ್ಲಿಗೇ ಹೋದರು. ಸೊಳ್ಳೆಯನ್ನು ಬಿಟ್ಟು ಜ್ವರದವನನ್ನು ಬೈಯುವುದರಿಂದ ಏನೂ ಆಗದೆಂದು ಅವರಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ.

ಲೆಕ್ಕ ಕೇಳುವುದು ಹೆಂಗಸರಿಗೆ ಹುಟ್ಟಿನಿಂದ ಬಂದ ಗುಣ. ಸಂತೆಯಿಂದ ಬಂದವರ ಚೀಲ ಇಳಿಸುವ ಮೊದಲೇ ನಾವು ಚಿಲ್ಲರೆ ಕೇಳುತ್ತೇವೆ. ಈ ಗುಣವನ್ನು ಆಸ್ಪತ್ರೆಯ ವಾರ್ಡಿನಲ್ಲಿ, ಕಣ್ಣು ಹಳದಿಯಾಗಿ ಮಲಗಿದವನ ಮೇಲೆ ತೋರಿಸಿ ಪ್ರಯೋಜನವಿಲ್ಲ. ಮಾರ್ಚ್ ತಿಂಗಳಲ್ಲಿ ಆಯವ್ಯಯ ಮಂಡಿಸಿದ ಮರುದಿನ ಪತ್ರಿಕೆ ಬಂದಾಗ, ಚಿನ್ನದ ಬೆಲೆ ನೋಡುವ ಮೊದಲು ಅಬಕಾರಿಯ ಅಂಕಿಯನ್ನೂ ಆರೋಗ್ಯದ ಅಂಕಿಯನ್ನೂ ಪಕ್ಕಪಕ್ಕ ಬರೆದುಕೊಳ್ಳೋಣ. ಮುಂದಿನ ಗ್ರಾಮಸಭೆಗೋ ವಾರ್ಡು ಸಭೆಗೋ ಆ ಚೀಟಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗೋಣ. ನಮ್ಮ ಮನೆಯಿಂದ ಹೋದ ದುಡ್ಡಿನಲ್ಲಿ ನಮ್ಮ ಊರಿನ ಆಸ್ಪತ್ರೆಗೆ ಎಷ್ಟು ಬಂತು ಎಂದು ಕೇಳೋಣ.